ಮದ್ದೂ ಮಂತ್ರವೂ: ನಕ್ಷತ್ರಾಕಾರದ ಸಹಪಾಲಿಮರನ್ನು ಕನ್ನಡದಲ್ಲಿ ನಿರೂಪಿಸುವ ಕ್ರಮದ ವಿಚಾರ

1

ಸಾಹಿತ್ಯವಿಮರ್ಶೆಯೆಂದರೆ ಕಾವ್ಯನಾಟಕಾದಿಗಳ ವಿಮರ್ಶೆಯೆಂದೇ ನಾವು ಬಹುಮಟ್ಟಿಗೆ ಭಾವಿಸಿಕೊಂಡಿದ್ದೇವೆ. ಶಾಸ್ತ್ರಗ್ರಂಥಗಳ ವಿಷಯ ಬಂದಾಗ ಕರ್ತೃವಿನ ಕಾಲದೇಶಗಳನ್ನು ನಿರ್ಣಯಿಸಿ, ಗ್ರಂಥದಲ್ಲಿ ಅಧಿಕಾರಗಳೆಷ್ಟೆಂಬುದನ್ನು ಎಣಿಸಿ, ಅಷ್ಟಕ್ಕೇ ಮುಗಿಸುವುದು ವಾಡಿಕೆ. ಗ್ರಂಥಕರ್ತನು ತಾನು ಹೇಳಹೊರಟ ವಿಷಯವನ್ನು ವಾಚಕನ ಬುದ್ಧಿಗೆ ಮುಟ್ಟಿಸಿದನೆ, ಅದಕ್ಕಾಗಿ ಅವನು ಆರಿಸಿದ ಮಾತು ತಕ್ಕುದೆ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಆ ಪ್ರಶ್ನೆಯನ್ನು ಇಂದಿನ ರಸಾಯನಶಾಸ್ತ್ರದ ಒಂದು ವಿಷಯಕ್ಕೆ ಅನ್ವಯಿಸಿ ನೋಡುವುದು ಈ ಲೇಖನದ ಉದ್ದೇಶ. ವಿಷಯವು ಇದು: ಔಷಧವನ್ನು ದೇಹದೊಳಗೆ ಹೊತ್ತೊಯ್ಯುವುದಕ್ಕಾಗಿ ರಸಾಯನಜ್ಞರು ನಿರ್ಮಿಸುತ್ತಿರುವ, ನಕ್ಷತ್ರದಂತೆ ತೋಳುಗಳನ್ನು ಚಾಚಿರುವ ಸಹಪಾಲಿಮರು. ಇದನ್ನು ಹೇಗೆ ಮಾಡುತ್ತಾರೆಂಬುದನ್ನು ಕನ್ನಡದಲ್ಲಿ ಹೇಳಬಹುದೆ? ಹೇಳಿದರೆ, ಹೇಳಿದುದು ಸರಿಯೆಂದು ನಿರ್ಣಯಿಸುವ ಕ್ರಮವಾವುದು?

ಇದನ್ನು ಕಲ್ಯಾಣದ ಸೀಮೆಯಲ್ಲಿ ನಿಂತು ವಿಚಾರಮಾಡುವುದಕ್ಕೆ ಕಾರಣವುಂಟು. ಬೀದರ ಜಿಲ್ಲೆಯಲ್ಲಿ ಬಸವಕಲ್ಯಾಣ ಹುಮನಾಬಾದುಗಳ ಸೀಮೆಗೆ ಸೇರಿದ ಗೋರ್ಟಾ (ಬಿ) ಎಂಬ ಗ್ರಾಮವುಂಟು. 1948ರ ಮೇ ತಿಂಗಳಲ್ಲಿ ರಜಾಕಾರರ ದಾಳಿಗೆ ಸಿಕ್ಕಿ ಹತರಾದ ಗ್ರಾಮಸ್ಥರ ನೆನಪಿನಿಂದ ಆ ಊರಿನ ಹೆಸರು ಚರಿತ್ರೆಯಲ್ಲಿ ನಿಂತಿದೆ. ಆ ಊರಿಗೆ ದೂರವಲ್ಲದ ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ಇಂದು ಔಷಧದ್ರವ್ಯಗಳನ್ನು ತಯಾರಿಸುವ ಕಾರ್ಖಾನೆಗಳಿವೆ. ಊರಿನ ಶಾಲೆಯಲ್ಲಿ ಕನ್ನಡದಲ್ಲಿ ಓದಿದ ಹುಡುಗನು ಮುಂದೆ ಕಾಲೇಜಿಗೆ ಹೋಗಲಿ, ಕಾರ್ಖಾನೆಗೆ ಹೋಗಲಿ, ರಸಾಯನದ ಬಾಗಿಲಿನಲ್ಲಿಯೇ ಅವನ ಭಾಷೆ ಹೊರಗೆ ಉಳಿಯುತ್ತದೆ. ತಾನು ಕೈಯಿಂದ ಮುಟ್ಟುವ ವಸ್ತುವನ್ನು ತನ್ನ ಮಾತಿನಲ್ಲಿ ಆಲೋಚಿಸಲಾರದವನು ಆ ವಸ್ತುವಿನ ಗುಣದೋಷಗಳನ್ನು ಕುರಿತು ಪ್ರಶ್ನೆ ಕೇಳಲಾರನು. ಆದುದರಿಂದ ಇದು ವಿಜ್ಞಾನಿಗಳು ತಮ್ಮಲ್ಲಿ ತೀರಿಸಿಕೊಳ್ಳತಕ್ಕ ವಿಷಯವೆಂದು ಭಾಷಾಧ್ಯಾಪಕರು ಸುಮ್ಮನಿರುವುದು ಸಲ್ಲದು.

2

ಇದೇ ಸೀಮೆಯಲ್ಲಿ ಒಂದು ಕಾಲಕ್ಕೆ ಕನ್ನಡವು ಶಾಸ್ತ್ರದ ಬಾಗಿಲಿನೊಳಗೇ ಇದ್ದಿತು. ಚಾಲುಕ್ಯ ಜಯಸಿಂಹನ ಆಳಿಕೆಯಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನು ‘ಲೋಕೋಪಕಾರ’ವನ್ನು ಬರೆದು ಕೃಷಿ, ವಾಸ್ತು, ಜಲಶೋಧನೆ, ಪಾಕ, ವೈದ್ಯ ಮೊದಲಾದ ವಿಷಯಗಳನ್ನು ಒಂದೆಡೆ ಕೂಡಿಸಿದನು. ಅನಂತರ ಕಲ್ಯಾಣವು ರಾಜಧಾನಿಯಾಗಿದ್ದ ಕಾಲದಲ್ಲಿ ಕೀರ್ತಿವರ್ಮನು ‘ಗೋವೈದ್ಯ’ವನ್ನು ರಚಿಸಿದನು. ಈತನು ತ್ರೈಲೋಕ್ಯಮಲ್ಲನ ಮಗ, ಆರನೆಯ ವಿಕ್ರಮಾದಿತ್ಯನ ತಮ್ಮ. ಅರಸುಮನೆಯವನೊಬ್ಬನು ದನಕರುಗಳ ರೋಗಚಿಕಿತ್ಸೆಯನ್ನು ಕನ್ನಡದಲ್ಲಿ ಬರೆಯಲು ತಕ್ಕ ವಿಷಯವೆಂದು ಬಗೆದುದೇ ಗಮನಾರ್ಹವಾದುದು.

ಈ ಗ್ರಂಥವನ್ನು ಕುರಿತು ಪಂಡಿತರು ಸಾಮಾನ್ಯವಾಗಿ ಒಂದು ಮಾತನ್ನು ಹೇಳುತ್ತಾರೆ: ಇದರಲ್ಲಿ ಮದ್ದಿನ ಜೊತೆಗೆ ಮಂತ್ರವೂ ಬೆರೆತಿದೆ ಎಂದು. ಹೇಳುವ ಧ್ವನಿಯಲ್ಲಿ ಸ್ವಲ್ಪ ನಾಚಿಕೆಯಿರುವುದೂ ಉಂಟು. ನನಗಾದರೋ ಈ ಮಾತು ಶಾಸ್ತ್ರಸಾಹಿತ್ಯದ ವಿಮರ್ಶೆಗೆ ಒಂದು ಕೀಲಿಕೈಯಂತೆ ತೋರುತ್ತದೆ. ಮದ್ದನ್ನು ಹೇಳುವ ವಾಕ್ಯದ ಲಕ್ಷಣವೇ ಬೇರೆ, ಮಂತ್ರದ ಲಕ್ಷಣವೇ ಬೇರೆ. ಮದ್ದಿನ ವಾಕ್ಯದಲ್ಲಿ ದ್ರವ್ಯವೇನು, ಎಷ್ಟು, ಯಾವುದರೊಡನೆ, ಯಾವ ಕ್ರಮದಲ್ಲಿ, ಯಾವ ಗುರುತು ಕಂಡಾಗ ಮುಂದಿನ ಕೆಲಸ ಎಂಬುದಿರುತ್ತದೆ. ಆ ವಾಕ್ಯವನ್ನು ಬೇರೊಬ್ಬನು ಕೇಳಿ ಅದರಂತೆ ಮಾಡಬಹುದು. ಮಾಡಿದಮೇಲೆ ತಪ್ಪೆಂದು ಹೇಳಲೂಬಹುದು. ಮಂತ್ರದ ವಾಕ್ಯಕ್ಕೆ ಹೀಗೆ ತಪ್ಪುವ ಭಯವಿಲ್ಲ. ಅದರ ಬಲವೆಲ್ಲ ಉಚ್ಚಾರಣೆಯಲ್ಲಿ. ಅರ್ಥವಾಗದಿದ್ದರೂ ಅದಕ್ಕೆ ಕುಂದಿಲ್ಲ, ಅರ್ಥವಾಗದಿದ್ದರೆ ಮಹಿಮೆ ಹೆಚ್ಚುವುದೂ ಉಂಟು.

ಕೀರ್ತಿವರ್ಮನ ಕಾಲದಲ್ಲಿ ಇವೆರಡೂ ಒಂದೇ ಗ್ರಂಥದಲ್ಲಿದ್ದುವು. ಆದರೆ ಇದು ಮದ್ದು, ಇದು ಮಂತ್ರ ಎಂದು ಗುರುತಿಸುವುದು ಕಷ್ಟವಲ್ಲ. ನಮ್ಮ ಕಾಲದ ವಿಜ್ಞಾನಗದ್ಯದಲ್ಲಿ ಮಂತ್ರವು ಮದ್ದಿನ ವೇಷವನ್ನು ಧರಿಸಿ ಬರುತ್ತದೆ. ಅದನ್ನು ಬಿಡಿಸಿ ತೋರಿಸುವುದೇ ವಿಮರ್ಶಕನ ಕೆಲಸ. ಅದಕ್ಕೆ ಮೊದಲು ಮದ್ದು ಏನೆಂಬುದನ್ನು ನಾವೇ ಹೇಳಿನೋಡಬೇಕು.

3

ಒಂದೇ ಬಗೆಯ ಚಿಕ್ಕ ಅಣುಗಳು ಒಂದರ ಕೊನೆಗೊಂದು ಕೂಡಿಕೊಂಡು ಆಗುವ ಬಹು ಉದ್ದವಾದ ಅಣುವೇ ಪಾಲಿಮರು. ರಬ್ಬರು, ರೇಷ್ಮೆ, ಪಿಷ್ಟ ಇವೆಲ್ಲ ಇಂಥ ಉದ್ದವಾದ ಸರಗಳೆಂಬ ವಾದವನ್ನು ಜರ್ಮನ್ ರಸಾಯನಜ್ಞ ಹರ್ಮನ್ ಸ್ಟೌಡಿಂಗರನು 1920ರಿಂದ ಪ್ರತಿಪಾದಿಸಿದನು. ಬಹುಜನರ ವಿರೋಧವನ್ನು ಎದುರಿಸಿ ಗೆದ್ದ ಆ ವಾದಕ್ಕೆ 1953ರಲ್ಲಿ ನೊಬೆಲ್ ಪಾರಿತೋಷಿಕ ದೊರೆಯಿತು. ಸರದಲ್ಲಿ ಎರಡು ಅಥವಾ ಹೆಚ್ಚು ಬಗೆಯ ಮಣಿಗಳಿದ್ದರೆ ಅದು ಸಹಪಾಲಿಮರು. ಸರಗಳು ನೇರವಾಗಿ ಹೋಗದೆ ಒಂದೇ ಬಿಂದುವಿನಿಂದ ಹಲವು ದಿಕ್ಕಿಗೆ ಹೊರಟಿದ್ದರೆ ಅದು ನಕ್ಷತ್ರಾಕಾರದ್ದು. ನಾಲ್ಕು ಮತ್ತು ಎಂಟು ಆಮ್ಲಸ್ಥಾನಗಳುಳ್ಳ ಅಣುಗಳ ಸುತ್ತ ಕ್ಯಾಪ್ರೊಲ್ಯಾಕ್ಟಮಿನ ಸರಗಳನ್ನು ಬೆಳೆಯಿಸಿ, ಇಂಥ ಅಣುಗಳ ದ್ರಾವಣವು ಎಷ್ಟು ಮಂದವಾಗಿರುವುದೆಂದು ಷೆಫ್‌ಗೆನ್, ಫ್ಲೋರಿ ಎಂಬಿಬ್ಬರು ಅಳೆದು ಪ್ರಕಟಿಸಿದುದು 1948ರಲ್ಲಿ.

ಈಗ ಔಷಧಕ್ಕಾಗಿ ಮಾಡುವ ಒಂದು ನಕ್ಷತ್ರವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ನಡುವೆ ಇಡತಕ್ಕ ಅಣು ಪೆಂಟಾಎರಿತ್ರಿಟಾಲ್. ಇದರಲ್ಲಿ ಒಂದು ಇಂಗಾಲದ ಪರಮಾಣುವಿನಿಂದ ನಾಲ್ಕು ಕಡೆಗೆ ನಾಲ್ಕು ಕೈಗಳು ಹೊರಟು, ಪ್ರತಿಯೊಂದರ ತುದಿಯಲ್ಲಿಯೂ ಒಂದು ಹೈಡ್ರಾಕ್ಸಿಲ್ ಇರುತ್ತದೆ. ತೋಳನ್ನು ಬೆಳೆಯಿಸತಕ್ಕ ದ್ರವ್ಯ ಕ್ಯಾಪ್ರೊಲ್ಯಾಕ್ಟೋನ್. ಇದು ಆರು ಇಂಗಾಲ, ಒಂದು ಆಮ್ಲಜನಕ, ಒಟ್ಟು ಏಳು ಪರಮಾಣುಗಳು ಕೂಡಿ ಆದ ಉಂಗುರ. ಎರಡನ್ನೂ ಚೆನ್ನಾಗಿ ಒಣಗಿಸಿ, ತವರದ ಆಕ್ಟೋಯೇಟನ್ನು ಅತ್ಯಲ್ಪವಾಗಿ ವೇಗವರ್ಧಕವಾಗಿ ಸೇರಿಸಿ, ತೇವವಿಲ್ಲದ ಸಾರಜನಕದ ಆವರಣದಲ್ಲಿ 110ರಿಂದ 130 ಡಿಗ್ರಿ ಸೆಂಟಿಗ್ರೇಡಿನಷ್ಟು ಕಾಯಿಸುತ್ತಾರೆ. ಹೈಡ್ರಾಕ್ಸಿಲಿನ ಬಳಿ ಉಂಗುರವು ಬಿಚ್ಚಿಕೊಂಡು ಸರವಾಗಿ ಕೂಡುತ್ತದೆ; ಕೂಡಿದಮೇಲೆ ತುದಿಯಲ್ಲಿ ಮತ್ತೊಂದು ಹೈಡ್ರಾಕ್ಸಿಲ್ ಉಳಿಯುವುದರಿಂದ ಮುಂದಿನ ಉಂಗುರವು ಅಲ್ಲಿಗೆ ಬಂದು ಸೇರುತ್ತದೆ. ನಡುವಿನ ಅಣು ಒಂದಕ್ಕೆ ಎಂಬತ್ತು ಉಂಗುರಗಳ ಲೆಕ್ಕದಲ್ಲಿ ದ್ರವ್ಯಗಳನ್ನು ಬೆರಸಿ, ಎಲ್ಲ ಉಂಗುರಗಳೂ ಬಿಚ್ಚಿಕೊಂಡರೆ, ಒಂದೊಂದು ತೋಳಿಗೆ ಸರಾಸರಿ ಇಪ್ಪತ್ತು ಮಣಿಗಳಾಗುತ್ತವೆ.

ಇಲ್ಲಿ ‘ಚೆನ್ನಾಗಿ ಒಣಗಿಸಿ’ ಎಂಬ ಮಾತನ್ನು ಬಿಟ್ಟರೆ ವಾಕ್ಯವು ಸುಂದರವಾಗಿಯೇ ಇರುತ್ತದೆ, ಆದರೆ ಪ್ರಯೋಗವು ಕೆಡುತ್ತದೆ. ಏಕೆಂದರೆ ನೀರಿನ ಅಣುವೂ ಸರವನ್ನು ಪ್ರಾರಂಭಿಸಬಲ್ಲುದು. ಅದು ಪ್ರಾರಂಭಿಸಿದ ಸರಕ್ಕೆ ತೋಳುಗಳಿಲ್ಲ. ಅದು ನೇರವಾದ ಸರ. ತೇವವು ಉಳಿದ ಪಾತ್ರೆಯಲ್ಲಿ ಕೊನೆಗೆ ದೊರೆಯುವುದು ನಕ್ಷತ್ರವಲ್ಲ, ನಕ್ಷತ್ರಗಳೂ ದಾರಗಳೂ ಕೂಡಿದ ಕಲಬೆರಕೆ.

ಇಷ್ಟರಲ್ಲಿ ಆದುದು ನೀರನ್ನೊಲ್ಲದ ತೋಳುಗಳು. ಇವುಗಳ ತುದಿಗೆ ನೀರಿಗೊಲಿಯುವ ಪಾಲಿಎಥಿಲೀನ್ ಗ್ಲೈಕಾಲಿನ ಸರಗಳನ್ನು ಜೋಡಿಸಬೇಕು. ಅದರ ಒಂದು ಕೊನೆಯಲ್ಲಿ ಆಮ್ಲಸ್ಥಾನವನ್ನಿಟ್ಟು, ಕಾರ್ಬೊಡೈಇಮೈಡ್ ಎಂಬ ಕೂಡಿಸುವ ದ್ರವ್ಯದ ಸಹಾಯದಿಂದ ತೋಳಿನ ತುದಿಯ ಹೈಡ್ರಾಕ್ಸಿಲಿಗೆ ಎಸ್ಟರು ಬಂಧದಿಂದ ಕಟ್ಟುತ್ತಾರೆ. ಉಪೋತ್ಪನ್ನವನ್ನು ಸೋಸಿ ತೆಗೆದು, ತಣ್ಣನೆಯ ಈಥರಿನಲ್ಲಿ ಸುರಿದು ಗರಣೆಯಾಗಿ ಬೀಳಿಸಿ, ಕೂಡದೆ ಉಳಿದ ಸರಗಳನ್ನು ಬೇರ್ಪಡಿಸುತ್ತಾರೆ. ಅನಂತರ ಪರೀಕ್ಷೆ: ಕಾಂತ ಅನುರಣನದಿಂದ ಎರಡು ಬಗೆಯ ಮಣಿಗಳ ಪ್ರಮಾಣವನ್ನು ಎಣಿಸುತ್ತಾರೆ, ರಂಧ್ರಮಯವಾದ ಜೆಲ್ಲಿನ ಕಂಬದ ಮೂಲಕ ಹಾಯಿಸಿ ಗಾತ್ರವನ್ನು ನೋಡುತ್ತಾರೆ. ಒಂದೇ ತೂಕದ ನೇರ ಸರಕ್ಕಿಂತ ನಕ್ಷತ್ರವು ಅಡಕವಾಗಿರುವುದರಿಂದ, ನೇರ ಸರಗಳಿಂದ ಗುರುತುಹಾಕಿದ ಕಂಬದಲ್ಲಿ ಅದರ ತೂಕವು ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಇದನ್ನರಿಯದವನು ಸರಿಯಾದ ವಸ್ತುವನ್ನೇ ತಪ್ಪೆಂದು ಎಣಿಸಿಯಾನು.

ಇಷ್ಟು ಶ್ರಮವೇಕೆಂದರೆ, ಅನೇಕ ಔಷಧಗಳು ನೀರಿನಲ್ಲಿ ಕರಗುವುದಿಲ್ಲ. ನೇರವಾದ ಸಹಪಾಲಿಮರಿನ ಸರಗಳೂ ನೀರಿನಲ್ಲಿ ಗುಂಪುಕೂಡಿ, ನೀರನ್ನೊಲ್ಲದ ಭಾಗವನ್ನು ಒಳಗಿಟ್ಟುಕೊಂಡು, ಔಷಧವನ್ನು ಅಡಗಿಸಿಕೊಳ್ಳಬಲ್ಲುವು. ಆದರೆ ಆ ಗುಂಪು ಕೂಡಿರಬೇಕಾದರೆ ಸರಗಳ ಸಾಂದ್ರತೆಯು ಒಂದು ಮಿತಿಗಿಂತ ಮೇಲಿರಬೇಕು. ರಕ್ತದಲ್ಲಿ ಸೇರಿ ತೆಳುವಾದೊಡನೆ ಗುಂಪು ಚದುರಿ, ಔಷಧವು ದಾರಿಯಲ್ಲಿಯೇ ಬಿದ್ದುಹೋಗುವ ಭಯವುಂಟು. ತೋಳುಗಳು ಸಾಕಷ್ಟಿದ್ದು ಒಳಹೊರಗಿನ ಭಾಗಗಳ ಪ್ರಮಾಣವು ಸರಿಯಾಗಿದ್ದರೆ, ನಕ್ಷತ್ರವು ಒಂಟಿಯಾಗಿಯೇ ಆ ಗುಂಪಿನ ಕೆಲಸವನ್ನು ಮಾಡಬಹುದು. ತೋಳುಗಳು ಒಂದೇ ಬಿಂದುವಿಗೆ ಬಂಧಿತವಾಗಿರುವುದರಿಂದ ತೆಳುವಾದರೂ ಚದುರುವುದಿಲ್ಲ. ನಾಲ್ಕು ತೋಳಿನದು ಇದಕ್ಕೆ ಸಾಲದೆ ತಾನೂ ಗುಂಪುಕೂಡುವುದುಂಟು. ಅದಕ್ಕಾಗಿಯೇ ಇಪ್ಪತ್ತೊಂದು ಹೈಡ್ರಾಕ್ಸಿಲುಗಳುಳ್ಳ ಬೀಟಾ ಸೈಕ್ಲೊಡೆಕ್ಸ್ಟ್ರಿನ್, ಅಥವಾ ಕವಲಿನ ಮೇಲೆ ಕವಲೊಡೆದ ಪಾಲಿಮರು, ಇಂಥವನ್ನು ನಡುವೆ ಇಟ್ಟು ತೋಳುಗಳನ್ನು ಹೆಚ್ಚಿಸುತ್ತಾರೆ.

4

ಮೇಲಿನ ನಿರೂಪಣೆಯಲ್ಲಿ ಅನ್ಯಭಾಷೆಯ ಶಬ್ದಗಳು ಹಲವು ಬಂದಿವೆ. ದ್ರವ್ಯಗಳ ಹೆಸರುಗಳನ್ನು ನಾನು ಬದಲಿಸಿಲ್ಲ. ಬದಲಿಸುವುದರಿಂದ ಲಾಭವೂ ಇಲ್ಲ. ಹೆಸರು ಎಲ್ಲಿಂದ ಬಂದರೂ ವಸ್ತು ಅದೇ. ಆದರೆ ಆಕಾರವನ್ನೂ ಕ್ರಿಯೆಯನ್ನೂ ಹೇಳುವ ಶಬ್ದಗಳ ವಿಷಯದಲ್ಲಿ ಹೀಗೆ ಉದಾಸೀನವಾಗಿರಲಾಗದು. ಅವು ಓದುಗನ ಮನಸ್ಸಿನಲ್ಲಿ ಚಿತ್ರವನ್ನು ಬರೆಯುತ್ತವೆ. ಚಿತ್ರ ತಪ್ಪಿದರೆ ತಿಳಿವಳಿಕೆಯೇ ತಪ್ಪುತ್ತದೆ.

ಮೊದಲನೆಯದಾಗಿ ‘ನಕ್ಷತ್ರ’. ನಮ್ಮಲ್ಲಿ ನಕ್ಷತ್ರವೆಂದೊಡನೆ ಒಂದು ಹೊಳೆಯುವ ಚುಕ್ಕೆ, ಇಲ್ಲವೆ ಮಕ್ಕಳು ಬರೆಯುವ ಐದು ಮೂಲೆಯ ಗೆರೆಚಿತ್ರ ನೆನಪಾಗುತ್ತದೆ. ಮೊದಲನೆಯದರಲ್ಲಿ ತೋಳೇ ಇಲ್ಲ; ಎರಡನೆಯದರಲ್ಲಿ ತೋಳುಗಳು ಗಡುಸಾಗಿ ಚೂಪಾಗಿವೆ. ಅಣುವಿನ ತೋಳುಗಳಾದರೋ ದ್ರವದಲ್ಲಿ ಸುರುಳಿಸುತ್ತುತ್ತ ಬಳುಕುತ್ತಿರುವ ಎಳೆಗಳು. ಉಪಮೆಯಲ್ಲಿ ಸಾಧಾರಣಧರ್ಮವು ಯಾವುದೆಂಬುದನ್ನು ಆಲಂಕಾರಿಕರು ಮೊದಲು ಕೇಳುತ್ತಾರಷ್ಟೆ. ಇಲ್ಲಿ ಸಾಧಾರಣಧರ್ಮವು ಒಂದೇ: ಒಂದು ಬಿಂದುವಿನಿಂದ ಹಲವು ಹೊರಡುವಿಕೆ. ಹೊಳಪೂ ಅಲ್ಲ, ಗಡುಸುತನವೂ ಅಲ್ಲ. ಇದನ್ನು ಒಂದು ವಾಕ್ಯದಲ್ಲಿ ಹೇಳಿಬಿಟ್ಟರೆ ‘ನಕ್ಷತ್ರಾಕಾರ’ವೆಂಬ ಶಬ್ದವನ್ನು ನಿಶ್ಚಿಂತೆಯಿಂದ ಇಟ್ಟುಕೊಳ್ಳಬಹುದು.

ಎರಡನೆಯದು, ನಡುವಿನ ಭಾಗದ ಹೆಸರು. ‘ತಿರುಳು’ ಎಂಬುದು ಮೊದಲು ತೋಚುವ ಮಾತು. ಆದರೆ ತಿರುಳೆಂದರೆ ಹಣ್ಣಿನಲ್ಲಿ ಸಾರವಾದ ಭಾಗ. ನಮ್ಮ ಅಣುವಿನಲ್ಲಿ ನಡುವಿರುವುದು ಸಾರವಲ್ಲ, ಬರಿಯ ಸಂಧಿಸ್ಥಾನ. ಬಂಡಿಯ ಗಾಲಿಯಲ್ಲಿ ಅರಗಳು ಬಂದು ಕೂಡುವ ಜಾಗಕ್ಕೆ ‘ನಾಭಿ’ ಎಂಬ ಹಳೆಯ ಹೆಸರುಂಟು. ಅದು ಹೆಚ್ಚು ಹೊಂದುತ್ತದೆ. ಹಾಗೆಂದು ತೋಳನ್ನು ‘ಅರ’ವೆಂದು ಕರೆಯಲಾಗದು. ಅರವು ಬಾಗುವುದಿಲ್ಲ, ಅರವೆಂದರೆ ಅದರ ಹೊರಗೆ ಪಟ್ಟಿಯೊಂದಿರಬೇಕೆಂದು ಮನಸ್ಸು ಹುಡುಕುತ್ತದೆ. ಆದುದರಿಂದ ನಾಭಿ, ತೋಳು ಎಂಬ ಎರಡು ಬೇರೆ ಚಿತ್ರಗಳಿಂದ ಬಂದ ಶಬ್ದಗಳನ್ನು ಕೂಡಿಸಬೇಕಾಗುತ್ತದೆ. ಕಾವ್ಯದಲ್ಲಿ ಇದು ರೂಪಕಸಂಕರವೆಂಬ ದೋಷವಾದೀತು. ಶಾಸ್ತ್ರದಲ್ಲಿ ಪ್ರತಿಯೊಂದು ಶಬ್ದವೂ ತನ್ನ ಕೆಲಸವನ್ನು ಸರಿಯಾಗಿ ಮಾಡಿದರೆ ದೋಷವಿಲ್ಲ.

ಮೂರನೆಯದು, ‘ಶಾಖೆ’ಯೋ ‘ಕವಲೋ’ ಎಂಬುದು. ಶಾಖೆಯೆಂಬುದು ಇಂದು ಬ್ಯಾಂಕಿಗೂ ಕಛೇರಿಗೂ ಸೇರಿಹೋಗಿದೆ. ಕವಲು ದಾರಿಗೂ ಮರಕ್ಕೂ ಹೊಳೆಗೂ ಸಲ್ಲುವ ಜೀವಂತ ಶಬ್ದ; ‘ಕವಲೊಡೆ’ ಎಂದು ಕ್ರಿಯಾಪದವೂ ಸಿದ್ಧವಾಗಿದೆ. ಇದರಿಂದ ಒಂದು ಭೇದವನ್ನು ಸ್ಪಷ್ಟವಾಗಿ ಹೇಳಬಹುದು: ನಾಭಿಯಲ್ಲಿ ಮಾತ್ರ ಕೂಡಿದ್ದು ಮುಂದೆ ನೇರವಾಗಿ ಹೋಗುವ ತೋಳುಗಳುಳ್ಳದ್ದು ಬರಿಯ ನಕ್ಷತ್ರ, ತೋಳುಗಳೇ ಮತ್ತೆ ಒಡೆದರೆ ಕವಲೊಡೆದ ನಕ್ಷತ್ರ. ಒಂದು ಉದ್ದವಾದ ಸರದ ಮೈಯುದ್ದಕ್ಕೂ ಬೇರೆ ಸರಗಳನ್ನು ಅಂಟಿಸಿದ್ದರೆ ಅದು ನಕ್ಷತ್ರವೇ ಅಲ್ಲ. ಅದಕ್ಕೆ ನಮ್ಮ ತೋಟಗಾರನ ‘ಕಸಿ’ ಎಂಬ ಮಾತು ತಾನಾಗಿ ಒಪ್ಪುತ್ತದೆ.

ನಾಲ್ಕನೆಯದೂ ಮುಖ್ಯವಾದುದೂ ಔಷಧದ ಸಾಗಾಟವನ್ನು ಹೇಳುವ ಶಬ್ದ. ‘ಔಷಧವಿತರಣೆ’, ‘ಔಷಧಪೂರೈಕೆ’ ಎಂದು ಬರೆಯುವುದುಂಟು. ವಿತರಣೆಯೆಂದರೆ ಹಲವರಿಗೆ ಹಂಚುವುದು. ಪೂರೈಕೆಯೆಂದರೆ ಕೊರತೆಯನ್ನು ತುಂಬುವುದು. ಎರಡೂ ನ್ಯಾಯಬೆಲೆ ಅಂಗಡಿಗೆ ಒಪ್ಪುವ ಮಾತುಗಳು. ಇಲ್ಲಿ ನಡೆಯಬೇಕಾದುದು ಹಂಚಿಕೆಗೆ ಪ್ರತಿಕೂಲವಾದುದು: ಎಲ್ಲೆಡೆಯೂ ಹಂಚಿಹೋಗದಂತೆ ಕಾಪಾಡಿ, ತಕ್ಕ ಎಡೆಗೆ ಒಯ್ದು, ಅಲ್ಲಿ ಬಿಡುವುದು. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ಒಯ್ಯು’ ಎಂಬ ಧಾತು ಇಂದಿಗೂ ಬಳಕೆಯಲ್ಲಿದೆ. ಅದರಿಂದ ‘ಒಯ್ದೊಪ್ಪಿಸುವುದು’ ಎಂದರೆ ಒಯ್ಯುವಿಕೆ, ಒಪ್ಪಿಸುವಿಕೆ ಎಂಬೆರಡು ಕ್ರಿಯೆಗಳೂ ಬರುತ್ತವೆ. ಎರಡರಲ್ಲಿ ಯಾವುದು ತಪ್ಪಿತೆಂದು ಮುಂದೆ ಕೇಳುವುದಕ್ಕೂ ಆಸ್ಪದವಾಗುತ್ತದೆ. ‘ವಿತರಣೆ’ ಎಂದವನಿಗೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ಸಂಶ್ಲೇಷಣೆಯನ್ನು ಹೇಳುವ ಗದ್ಯದಲ್ಲಿ ಶ್ಲೇಷಕ್ಕೆ ಎಡೆಯಿರಬಾರದು.

5

ಇನ್ನು ನಮ್ಮವರಲ್ಲಿ ಕೆಲವರು ಮತ್ತೊಂದು ದಾರಿಯನ್ನು ಹಿಡಿಯುತ್ತಾರೆ. ಔಷಧವನ್ನು ಒಯ್ಯುವ ವಸ್ತು ನಮ್ಮ ಪೂರ್ವಿಕರಿಗೆ ಹೊಸದಲ್ಲ. ಆಯುರ್ವೇದದ ‘ಅನುಪಾನ’ವೂ ‘ಯೋಗವಾಹಿ’ಯೂ ಅದೇ ಎಂಬುದು ಅವರ ವಾದ. ಇದರಲ್ಲಿ ಸತ್ಯದ ಅಂಶವೊಂದುಂಟು. ಔಷಧವು ಒಂಟಿಯಾಗಿ ಕೆಲಸಮಾಡುವುದಿಲ್ಲ, ಅದರೊಡನೆ ಹೋಗುವ ವಸ್ತುವಿನ ಮೇಲೆಯೂ ಫಲವು ನಿಂತಿದೆ ಎಂಬ ತಿಳಿವಳಿಕೆ ಹಳೆಯದು. ಜೇನನ್ನು ಯೋಗವಾಹಿಯೆಂದುದು, ಅದು ತನ್ನೊಡನೆ ಕೂಡಿದುದರ ಗುಣವನ್ನು ಹೊತ್ತು ನಡೆಯುವುದೆಂಬ ಭಾವದಿಂದ. ವಾಹಕವು ಉದಾಸೀನವಾದ ಪಾತ್ರೆಯಲ್ಲವೆಂಬುದನ್ನು ಇಂದಿನ ವೈದ್ಯವೂ ಕಷ್ಟಪಟ್ಟು ಕಲಿತಿದೆ. ಅಮೆರಿಕದಲ್ಲಿ 1992ರಲ್ಲಿ ಅಂಗೀಕೃತವಾದ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕ್ಯಾನ್ಸರಿನ ಔಷಧವು ನೀರಿನಲ್ಲಿ ಕರಗದು. ಅದನ್ನು ಹರಳೆಣ್ಣೆಯಿಂದ ಮಾಡಿದ ಕ್ರೆಮೊಫಾರ್ ಎಂಬ ದ್ರವ್ಯದಲ್ಲಿಯೂ ಮದ್ಯಸಾರದಲ್ಲಿಯೂ ಕರಗಿಸಿ ಕೊಟ್ಟರು. ಆ ವಾಹಕವೇ ಕೆಲವು ರೋಗಿಗಳಲ್ಲಿ ತೀವ್ರವಾದ ಒಗ್ಗದಿಕೆಯನ್ನು ಉಂಟುಮಾಡಿತು. ಅದನ್ನು ಬಿಟ್ಟು, ಪಾಲಿಎಥಿಲೀನ್ ಗ್ಲೈಕಾಲ್, ಪಾಲಿಲ್ಯಾಕ್ಟೈಡ್ ಇವುಗಳ ನೇರವಾದ ಸಹಪಾಲಿಮರಿನಲ್ಲಿ ಅದೇ ಔಷಧವನ್ನು ಅಡಗಿಸಿದ ಜೆನೆಕ್ಸಾಲ್ ಪಿಎಂ ಎಂಬುದನ್ನು ದಕ್ಷಿಣ ಕೊರಿಯ 2007ರಲ್ಲಿ ಅಂಗೀಕರಿಸಿತು.

ಸಾದೃಶ್ಯವು ಇಲ್ಲಿಗೆ ನಿಲ್ಲಬೇಕು. ಅನುಪಾನವೆಂದರೆ ಔಷಧದೊಡನೆ ಅಥವಾ ಅದರ ಹಿಂದೆಯೇ ಕುಡಿಯುವುದು. ವೈದ್ಯನು ರೋಗಿಯನ್ನು ನೋಡಿ ಅನುಭವದಿಂದ ಆರಿಸುವುದು. ಸಹಪಾಲಿಮರಿನ ನಕ್ಷತ್ರವಾದರೋ ತೋಳಿನ ಸಂಖ್ಯೆ, ಉದ್ದ, ತುದಿಯ ಗುಣ ಇಷ್ಟನ್ನೂ ಮೊದಲೇ ಗೊತ್ತುಮಾಡಿ ಕಟ್ಟಿದ ಒಂದು ಅಣು. ಎರಡನ್ನೂ ಒಂದೆಂದು ಹೇಳುವವನು ವೈದ್ಯನ ವಿವೇಚನೆಗೂ ಗೌರವ ಸಲ್ಲಿಸಿದಂತಾಗಲಿಲ್ಲ, ರಸಾಯನಜ್ಞನ ಎಣಿಕೆಗೂ ಸಲ್ಲಿಸಿದಂತಾಗಲಿಲ್ಲ. ‘ಇದು ನಮ್ಮಲ್ಲಿ ಮೊದಲೇ ಇದ್ದಿತು’ ಎಂಬ ವಾಕ್ಯವು ತಿಳಿಸುವುದು ಏನನ್ನೂ ಅಲ್ಲ. ಕೇಳಿದವರಿಗೆ ಸಂತೋಷವನ್ನು ಮಾತ್ರ ಕೊಡುತ್ತದೆ. ಮಂತ್ರದ ಲಕ್ಷಣವೂ ಅದೇ ಅಲ್ಲವೆ? ಕೀರ್ತಿವರ್ಮನಿಂದ ನಾವು ಕಲಿಯಬೇಕಾದುದು ಅವನು ಹೇಳಿದ ಮದ್ದನ್ನಲ್ಲ. ಕೆಲಸಮಾಡುವವನ ಭಾಷೆಯಲ್ಲಿ ಕೆಲಸದ ಶಾಸ್ತ್ರವನ್ನು ಬರೆಯಬೇಕೆಂಬ ನಿಶ್ಚಯವನ್ನು.

6

ಪ್ರಾಚೀನತೆಯ ಮಂತ್ರಕ್ಕೆ ನವೀನತೆಯ ಮಂತ್ರವೂ ಸೋದರಿ. ಉದಾಹರಣೆಗಾಗಿ ನಾನೇ ರಚಿಸಿದ ಈ ವಾಕ್ಯವನ್ನು ವಾಚಕರು ಪರಿಶೀಲಿಸಬೇಕು: ‘ನಕ್ಷತ್ರದಂಥ ಈ ಅದ್ಭುತ ಅಣುಗಳು ರೋಗವಿರುವ ಜಾಗವನ್ನು ತಾವೇ ಹುಡುಕಿಕೊಂಡು ಹೋಗಿ, ಆರೋಗ್ಯವಾದ ಅಂಗಗಳನ್ನು ಮುಟ್ಟದೆ, ಔಷಧವನ್ನು ನಿಖರವಾಗಿ ಸುರಿಯುವ ನವಸಂಜೀವಿನಿ.’ ವ್ಯಾಕರಣದಲ್ಲಿ ದೋಷವಿಲ್ಲ, ಪದಗಳು ಪರಿಚಿತವಾದುವು. ಆದರೂ ಈ ವಾಕ್ಯದಿಂದ ಯಾರೂ ಏನನ್ನೂ ಮಾಡಲಾರರು, ಪರೀಕ್ಷಿಸಲೂ ಆರರು. ಜರ್ಮನಿಯ ಪಾಲ್ ಎರ್ಲಿಷನು ಕಳೆದ ಶತಮಾನದ ಆದಿಯಲ್ಲಿ ರೋಗಾಣುವನ್ನು ಮಾತ್ರ ಹೊಡೆಯುವ ಔಷಧವನ್ನು ‘ಮಾಂತ್ರಿಕ ಗುಂಡು’ ಎಂದು ಕರೆದನು. ಅವನಿಗೆ ಅದು ಗುರಿಯ ಹೆಸರಾಗಿತ್ತು. ಅವನ ಮಾತನ್ನು ಎತ್ತಿಕೊಂಡವರಿಗೆ ಅದು ಸಿದ್ಧಿಯ ಹೆಸರಾಯಿತು.

ವಸ್ತುಸ್ಥಿತಿ ಹೀಗಿದೆ. ಅಣುವಿಗೆ ಹುಡುಕುವ ಶಕ್ತಿಯಿಲ್ಲ. ಅದು ರಕ್ತದೊಡನೆ ಹರಿಯುತ್ತದೆ. ಗಡ್ಡೆಯೊಳಗಿನ ರಕ್ತನಾಳಗಳು ಸೋರುವಂಥವಾದುದರಿಂದ ದೊಡ್ಡ ಅಣುಗಳು ಅಲ್ಲಿ ಹೊರಗೆ ನುಸುಳಿ ತಂಗುತ್ತವೆಯೆಂದು ಜಪಾನಿನ ಮತ್ಸುಮುರ, ಮಯೇದ ಎಂಬ ವಿದ್ವಾಂಸರು 1986ರಲ್ಲಿ ತೋರಿಸಿದರು. ಇದರ ಮೇಲೆ ಬಹಳ ಆಶೆಯನ್ನು ಕಟ್ಟಲಾಯಿತು. ಆದರೆ ಹಿಂದಿನ ಹತ್ತು ವರ್ಷಗಳಲ್ಲಿ ಪ್ರಕಟವಾದ ಪ್ರಾಣಿಪ್ರಯೋಗಗಳನ್ನು ಒಟ್ಟುಗೂಡಿಸಿ 2016ರಲ್ಲಿ ಲೆಕ್ಕಹಾಕಿದಾಗ, ರಕ್ತಕ್ಕೆ ಸೇರಿಸಿದ ಸೂಕ್ಷ್ಮವಾಹಕಗಳಲ್ಲಿ ಗಡ್ಡೆಯನ್ನು ಮುಟ್ಟಿದುದು, ಮಧ್ಯಮಾಂಕವಾಗಿ, ನೂರಕ್ಕೆ 0.7 ಮಾತ್ರವೆಂದು ಕಂಡುಬಂದಿತು. ಉಳಿದುದರಲ್ಲಿ ಬಹುಭಾಗವನ್ನು ಯಕೃತ್ತು, ಪ್ಲೀಹ ಮೊದಲಾದುವು ಹಿಡಿದುಕೊಳ್ಳುತ್ತವೆ. ಮನುಷ್ಯರಲ್ಲಿ ನಾಳಗಳ ಸೋರುವಿಕೆಯು ಗಡ್ಡೆಯಿಂದ ಗಡ್ಡೆಗೆ ಬೇರೆಯಾಗಿರುತ್ತದೆ.

ಇದರಿಂದ ನಕ್ಷತ್ರಗಳ ನಿರ್ಮಾಣವು ವ್ಯರ್ಥವೆಂದಲ್ಲ. ಒಗ್ಗದ ವಾಹಕವನ್ನು ಬಿಡುವುದು, ಕರಗದ ಔಷಧವನ್ನು ಕರಗಿಸುವುದು, ಮೆಲ್ಲಮೆಲ್ಲನೆ ಬಿಡುವುದು, ಕೆಲಸ ಮುಗಿದಮೇಲೆ ಎಸ್ಟರು ಬಂಧಗಳು ನೀರಿನಿಂದ ಕಳಚಿ ತೋಳುಗಳು ಕರಗಿಹೋಗುವುದು, ಇವು ಸಣ್ಣ ಲಾಭಗಳಲ್ಲ. ಪಾಲಿಲ್ಯಾಕ್ಟೈಡಿನ ತೋಳು ಕಳಚಿದರೆ ಉಳಿಯುವುದು ಲ್ಯಾಕ್ಟಿಕ್ ಆಮ್ಲ, ಅಂದರೆ ಮೊಸರಿನ ಹುಳಿ. ಆದರೆ ಲಾಭವನ್ನು ಹೇಳುವ ವಾಕ್ಯದ ಪಕ್ಕದಲ್ಲಿ 0.7 ಎಂಬ ಅಂಕವಿದ್ದರೆ ಮಾತ್ರ ಆ ಗದ್ಯವು ಮದ್ದಿನ ಪಕ್ಷಕ್ಕೆ ಸೇರುತ್ತದೆ. ಅಂಕವನ್ನು ಮುಚ್ಚಿಟ್ಟ ವಾಕ್ಯವು, ಎಷ್ಟೇ ಪಾರಿಭಾಷಿಕ ಶಬ್ದಗಳಿದ್ದರೂ, ಮಂತ್ರವೇ. ರೋಗಿಯ ಮನೆಯವರು ಓದುವುದು ಇಂಥ ವಾಕ್ಯಗಳನ್ನೇ ಎಂಬುದನ್ನು ನೆನೆದರೆ, ಇದು ಶೈಲಿಯ ದೋಷ ಮಾತ್ರವಲ್ಲವೆಂಬುದು ವೇದ್ಯವಾಗುತ್ತದೆ.

7

ಶಬ್ದಗಳನ್ನು ಟಂಕಿಸಿದ ಮಾತ್ರಕ್ಕೆ ಕೆಲಸವಾಗುವುದಿಲ್ಲವೆಂಬುದಕ್ಕೆ ಈ ಸೀಮೆಯ ಚರಿತ್ರೆಯೇ ಸಾಕ್ಷಿ. 1948ರವರೆಗೆ ಬೀದರ, ಕಲ್ಯಾಣ, ಗೋರ್ಟಾ ಎಲ್ಲವೂ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದುವು. ಅಲ್ಲಿ 1917ರಲ್ಲಿ ಭಾಷಾಂತರ ಇಲಾಖೆಯನ್ನೂ, ಮರುವರ್ಷ ಉಸ್ಮಾನಿಯ ವಿಶ್ವವಿದ್ಯಾನಿಲಯವನ್ನೂ ಸ್ಥಾಪಿಸಿ, ಉನ್ನತ ಶಿಕ್ಷಣವನ್ನು ಉರ್ದುವಿನಲ್ಲಿ ಕೊಡಲು ಏರ್ಪಡಿಸಿದರು. ದೇಶಭಾಷೆಯೊಂದರಲ್ಲಿ ರಸಾಯನಶಾಸ್ತ್ರವನ್ನು ಕಲಿಸಬಹುದೆಂಬುದು ಅದರಿಂದ ಸಿದ್ಧವಾಯಿತು. ಆದರೆ ಈ ಸೀಮೆಯ ಕನ್ನಡದ ಹುಡುಗನಿಗೆ ಅದು ಮನೆಯ ಭಾಷೆಯಾಗಿರಲಿಲ್ಲ. ಸಂಸ್ಥಾನವು ವಿಲೀನವಾದಮೇಲೆ ಅಲ್ಲಿ ಇಂಗ್ಲಿಷು ಬೋಧನಭಾಷೆಯಾಯಿತು. ಶ್ರಮಪಟ್ಟು ಮಾಡಿದ ಪರಿಭಾಷೆಯು ಓದುಗರಿಲ್ಲದೆ ಕಪಾಟಿನಲ್ಲಿ ಉಳಿಯಿತು. ಮೈಸೂರು ಸೀಮೆಯಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿ ಹೊರಡಿಸಿದ ‘ವಿಜ್ಞಾನ’ ಮಾಸಪತ್ರಿಕೆಯೂ ಬಹುಕಾಲ ನಡೆಯಲಿಲ್ಲ. ಶಬ್ದಕ್ಕೆ ಆಯುಸ್ಸು ಬರುವುದು ಕೋಶದಿಂದಲ್ಲ, ಓದುವವರಿಂದ.

ಪಾಲಿಮರಿನ ವಿದ್ಯೆಯೇನೂ ನಮ್ಮ ನಾಡಿಗೆ ದೂರದ್ದಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದಲ್ಲಿ ಟಿ. ಎಂ. ಅಮಿನಭಾವಿಯವರೂ ಅವರ ಸಂಗಡಿಗರೂ ಚವಳಿಕಾಯಿಯ ಜಾತಿಯ ಬೀಜದಿಂದ ಬರುವ ಗೌರ್ ಅಂಟು ಮೊದಲಾದ ನೈಸರ್ಗಿಕ ಪಾಲಿಮರುಗಳಿಗೆ ಕಸಿಮಾಡಿ, ಔಷಧವನ್ನು ನಿಯಮಿತವಾಗಿ ಬಿಡುವ ವಾಹಕಗಳನ್ನು ಕುರಿತು ಹಲವು ವರ್ಷ ಸಂಶೋಧನೆ ನಡೆಸಿದರು. ಆ ಪ್ರಬಂಧಗಳ ಭಾಷೆ ಇಂಗ್ಲಿಷು. ಜಗತ್ತಿನ ವಿದ್ವಾಂಸರಿಗಾಗಿ ಬರೆದುದರಿಂದ ಅದು ನ್ಯಾಯವೇ. ಆದರೆ ಹೊಲದಲ್ಲಿ ಚವಳಿಕಾಯಿಯನ್ನು ಬೆಳೆಯುವವನಿಗೂ, ಕಸಿಯೆಂದರೇನೆಂದು ಬಲ್ಲವನಿಗೂ ಈ ವಿಷಯವನ್ನು ಅವನ ಮಾತಿನಲ್ಲಿಯೇ ಮದ್ದಿನ ಕ್ರಮದಿಂದ ಹೇಳಬಹುದು. ಹೇಳುವವರು ಕಡಿಮೆ, ಹೇಳಿದುದನ್ನು ಪರೀಕ್ಷಿಸುವವರು ಇನ್ನೂ ಕಡಿಮೆ.

ಆ ಪರೀಕ್ಷೆಗೆ ಭಾಷಾಧ್ಯಾಪಕನು ರಸಾಯನಜ್ಞನಾಗಬೇಕಾಗಿಲ್ಲ. ಈ ಲೇಖನದ ಮೂರನೆಯ ಭಾಗವನ್ನೇ ತೆಗೆದುಕೊಂಡು, ಪ್ರೌಢಶಾಲೆಯ ಕೊನೆಯ ತರಗತಿಯ ಹುಡುಗನೊಬ್ಬನಿಗೆ, ಗೋರ್ಟಾದವನಾದರೆ ಒಳ್ಳೆಯದು, ಓದಿ ಹೇಳಲಿ. ಅನಂತರ ಮೂರು ಪ್ರಶ್ನೆಗಳನ್ನು ಕೇಳಲಿ. ಆ ಅಣುವಿನ ಚಿತ್ರವನ್ನು ಬರೆದು ತೋಳುಗಳೆಷ್ಟೆಂದು ತೋರಿಸು. ಒಂದಕ್ಕೆ ಎಂಬತ್ತರ ಬದಲು ನೂರಿಪ್ಪತ್ತು ಉಂಗುರಗಳನ್ನು ಹಾಕಿದರೆ ಪ್ರತಿಯೊಂದು ತೋಳಿಗೆ ಎಷ್ಟು ಮಣಿ? ಪಾತ್ರೆಯಲ್ಲಿ ನೀರು ಉಳಿದಿದ್ದರೆ ಏನಾದೀತು? ಹುಡುಗನು ನಾಲ್ಕು ತೋಳುಗಳನ್ನು ಬಳುಕುವಂತೆ ಬರೆದು, ಮೂವತ್ತೆಂದು ಹೇಳಿ, ತೋಳಿಲ್ಲದ ದಾರಗಳೂ ಬೆರೆಯುತ್ತವೆಯೆಂದರೆ ನನ್ನ ಗದ್ಯವು ತೇರ್ಗಡೆಯಾಯಿತು. ಐದು ಮೂಲೆಯ ಚುಕ್ಕೆಯನ್ನು ಬರೆದು ಸುಮ್ಮನೆ ಕುಳಿತರೆ ದೋಷವು ಅವನದಲ್ಲ, ನನ್ನದು. ಯಾವ ವಾಕ್ಯದಲ್ಲಿ ಅವನು ದಾರಿ ತಪ್ಪಿದನೋ ಆ ವಾಕ್ಯವನ್ನು ತಿದ್ದಿ ಮತ್ತೆ ಬರೆಯತಕ್ಕುದು.